ಬಿಳಿ ಕ್ಲಿಪ್

ಫೆಬ್ರವರಿ ೩, ಬೆಳಗ್ಗೆ

ದಿಂಬು ಸರಿ. ಕಂಬಳಿ ಸರಿ. ಟವೆಲ್ ಒಂದು ಕಡಿಮೆ — ಮೇಲಿನ ಬರ್ತಿನ ದಪ್ಪ ಮನುಷ್ಯ ತಲೆಗೆ ಸುತ್ತಿಕೊಂಡೇ ಇಳಿದು ಹೋದ. ಕೂಗಿದೆ. ತಿರುಗಿ ಕೈ ಬೀಸಿದ. ಬೀಳ್ಕೊಡುತ್ತಿದ್ದೇನೆ ಅಂದುಕೊಂಡ, ಪಾಪ.

ಮನೆಗೆ ಬಂದು ಕೂತಿದ್ದೇನೆ, ಮೈಯೊಳಗೆ ಇನ್ನೂ ರೈಲು ಓಡುತ್ತಿದೆ. ಮೇಜು ಅಲ್ಲಾಡುತ್ತಿದೆ ಅನ್ನಿಸಿ ಒಮ್ಮೆ ಹಿಡಿದು ನೋಡಿದೆ. ಮೇಜು ಗಟ್ಟಿಯಾಗೇ ಇದೆ. ನಾನೇ ಅಲ್ಲಾಡುತ್ತಿರುವುದು.

ಹನ್ನೊಂದು ವರ್ಷ ಸ್ಟೇಷನ್ನಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇದೇ ಹೊದಿಕೆಗಳನ್ನು ಮಡಚಿದವಳು ನಾನು. ರೈಲು ಬಂದರೆ ತಲೆಯ ಮೇಲೆ ಚಾವಣಿ ಗುಡುಗುಡು ಅನ್ನುತ್ತಿತ್ತು, ಅಷ್ಟೇ. ಹೊದಿಕೆಗಳು ಊರೂರು ತಿರುಗಿ ಬರುತ್ತಿದ್ದವು, ನಾನು ಮಾತ್ರ ಅಲ್ಲೇ. ಬೆಡ್‌ಶೀಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಈಗ ನೋಡು — ನೀಲಿ ಕೋಟು, ಎದೆಗೊಂದು ಬಿಲ್ಲೆ, ರಾತ್ರಿ ರೈಲಿನ ಅಟೆಂಡೆಂಟ್ ಆಗಿ ನನ್ನದೇ ಒಂದು ಬೋಗಿ. ಮೂರು ತಿಂಗಳ ಪರೀಕ್ಷೆ. ದಾಟಿದರೆ ಕಾಯಂ. ಇಲ್ಲವಾದರೆ ಮೆಟ್ಟಿಲಿಳಿದು ಮತ್ತೆ ಅದೇ ಆವಿ, ಅದೇ ಸೋಪು. ನಮ್ಮ ಮೇಲಧಿಕಾರಿ ಮೇಡಂ ಮೊದಲ ದಿನವೇ ಹೇಳಿದ್ದಾರೆ, "ಇಳಿಯೋರನ್ನ ಎಬ್ಬಿಸದೆ ಮುಂದಿನ ಊರಿಗೆ ಒಯ್ದರೆ, ಒಬ್ಬರೇ ಆಗಲಿ, ನಿಮ್ಮ ಪರೀಕ್ಷೆ ಅಲ್ಲಿಗೆ ಮುಗೀತು ಅಂದ್ಕೊಳ್ಳಿ."

ಅತ್ತೆ ಎಂದಿನಂತೆ ನನಗಾಗಿ ಕಾದು, ಕಾದು, ಗೊರಕೆಗೆ ಇಳಿದಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಎದ್ದ ಮೇಲೆ ನನಗೆ ಸರಿಯಾಗಿ ಬೈಗುಳ ಸಿಕ್ಕಿತು.

"ಊರಿನವರನ್ನೆಲ್ಲಾ ಎಬ್ಬಿಸೋಕೆ ಸಂಬಳ ತಗೋತೀಯ. ನನ್ನನ್ನ ಎಬ್ಬಿಸೋಕೆ ಏನು ರೋಗ ನಿನಗೆ? ಬಿಸಿ ಸುದ್ದಿ ಎಲ್ಲಾ ಆರಿಹೋಯ್ತು."

ಟವೆಲ್ ಮನುಷ್ಯನ ಕಥೆ ಹೇಳಿದೆ. ಎರಡು ಸಲ ಹೇಳಿಸಿಕೊಂಡರು.

ಫೆಬ್ರವರಿ ೬, ಮಧ್ಯಾಹ್ನ

ಇವತ್ತು ಬರೆಯುವುದು ಕೋಳಿಯಣ್ಣನ ಪಾಠ. ಪಕ್ಕದ ಬೋಗಿಯ ಅಟೆಂಡೆಂಟ್, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅಲಾರಂ ಇಲ್ಲದೆ ನಸುಕಿಗೆ ಎದ್ದು ಜನರನ್ನು ಎಬ್ಬಿಸುತ್ತಾರೆ, ಅದಕ್ಕೇ ಆ ಹೆಸರು. ಈಗ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ.

"ಬರ್ತ್ ನಂಬರ್ ನಂಬಬೇಡಮ್ಮ. ಜನ ಅದಲು ಬದಲು ಆಗ್ತಾರೆ. ಗೊರಕೆ ಅಂತ ಒಬ್ಬ, ಗಾಳಿ ಅಂತ ಒಬ್ಬ, ಹೆಂಡ್ತಿ ಪಕ್ಕ ಬೇಕು ಅಂತ ಒಬ್ಬ, ಬೇಡ ಅಂತ ಇನ್ನೊಬ್ಬ. ಚಾರ್ಟ್ ನೋಡಿ ಎಬ್ಬಿಸಿದ್ರೆ ಕೆಟ್ಟೆ. ಎಲ್ಲರೂ ಮಲಗಿ ಪರದೆ ಎಳೆದುಕೊಂಡ ಮೇಲೆ ಕೇಳ್ಕೊಂಡು ಹೋಗಿ ಕ್ಲಿಪ್ ಹಾಕು."

ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪೇ. ಈ ದಾರಿಯ ಊರುಗಳನ್ನು ನಾವೂ ಪ್ಯಾಸೆಂಜರುಗಳೂ ಅಡ್ಡಹೆಸರಿನಿಂದಲೇ ಕರೆಯುವುದು. ಪರದೆಗೆ ಕೆಂಪು ಕ್ಲಿಪ್ ಅಂದರೆ ಇಳಿಯುವುದು 'ಸೇತುವೆ'ಯಲ್ಲಿ, ನಸುಕಿಗೇ. ಹಳದಿ ಅಂದರೆ 'ಗೋದಾಮು', ಅದು ಸ್ವಲ್ಪ ಹೊತ್ತು ಏರಿದ ಮೇಲೆ. ಕ್ಲಿಪ್ ಇಲ್ಲದವರು ಕೊನೆಯ ಊರಿನವರು, ಅವರನ್ನು ಮುಟ್ಟಲೇಬಾರದು.

ಎಬ್ಬಿಸುವುದಕ್ಕೂ ಒಂದು ರೀತಿ ಇದೆಯಂತೆ. ಭುಜ ಅಲ್ಲಾಡಿಸಬಾರದು, ಬೆಚ್ಚಿ ಬೀಳುತ್ತಾರೆ. ದೀಪ ಹಾಕಬಾರದು. ಸಾರ್, ಮೇಡಂ ಅನ್ನುವುದೂ ದಂಡ. ಪರದೆಯ ಹತ್ತಿರ ಬಾಗಿ, ಮೆಲ್ಲಗೆ, ಊರಿನ ಹೆಸರು ಹೇಳಬೇಕು.

"ಅವರ ಹೆಸರು ಕರೆದರೆ ಮಗ್ಗುಲು ಬದಲಾಯಿಸ್ತಾರೆ. ಊರಿನ ಹೆಸರು ಹೇಳು, ಎದ್ದು ಕೂತು ಚಪ್ಪಲಿ ಹುಡುಕ್ತಾರೆ."

ನಂಬಿರಲಿಲ್ಲ. ಮೊನ್ನೆ ಪರೀಕ್ಷಿಸಿದೆ. ನಿಜ. ಕುಂಭಕರ್ಣನ ತಮ್ಮನಂತಿದ್ದ ಒಬ್ಬರು 'ಗೋದಾಮು' ಅಂದ ತಕ್ಷಣ ಕಣ್ಣು ಮುಚ್ಚಿಕೊಂಡೇ ಶೂ ಕಟ್ಟಿಕೊಂಡರು. ನನಗೆ ನಗು, ಹೆಮ್ಮೆ, ಎರಡೂ.

ಫೆಬ್ರವರಿ ೧೧, ಬೆಳಗ್ಗೆ

ಇದನ್ನು ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ಸೇತುವೆ ಸ್ಟೇಷನ್ ಬಿಟ್ಟ ಕೂಡಲೇ ಹೊಳೆ ಬರುತ್ತದೆ. ಇಷ್ಟು ದಿನ ಆ ಹೊತ್ತಿಗೆ ಕತ್ತಲೆ. ದಿನ ಹಿಗ್ಗುತ್ತಿದೆಯಲ್ಲ — ನಿನ್ನೆ ಹೋಗುವಾಗ ಇಳಿದವರ ಹೊದಿಕೆ ಮಡಚುತ್ತಾ ಕಿಟಕಿ ಕಡೆ ತಿರುಗಿದೆ, ಕೈ ಅಲ್ಲೇ ನಿಂತಿತು. ಆ ದಡ ಕಾಣದಷ್ಟು ನೀರು. ಸೂರ್ಯ ನೀರಿನೊಳಗಿಂದಲೇ ಏಳುತ್ತಿದ್ದ. ದೋಣಿಗಳು. ಎದುರು ಬದಿಯ ಕಿಟಕಿಗೆ ಹೋದರೆ, ನಮ್ಮ ರೈಲಿನ ನೆರಳು, ಕಿಟಕಿ ಕಿಟಕಿ ಸಮೇತ, ನೀರಿನ ಮೇಲೆ ಓಡುತ್ತಿತ್ತು. ಅದರಲ್ಲಿ ಒಂದು ಕಿಟಕಿಯಲ್ಲಿ ನಾನೂ ಇದ್ದೆ. ಕೈ ಎತ್ತಿ ನೋಡಿದೆ, ನೆರಳು ಅಷ್ಟು ಸಣ್ಣದನ್ನೆಲ್ಲ ತೋರಿಸಲಿಲ್ಲ. ಆದರೂ ಇದ್ದೆ.

ಹಿಂದೆ ತಿರುಗಿದರೆ ಸಾಲು ಪರದೆ. ಎಲ್ಲರೂ ಗಾಢ ನಿದ್ದೆ. ಇಡೀ ಬೋಗಿಯಲ್ಲಿ ನೋಡಿದವಳು ನಾನೊಬ್ಬಳೇ. ಒಬ್ಬಳೇ ಕೂತು ಊಟದ ಡಬ್ಬಿ ಖಾಲಿ ಮಾಡಿದ ಹಾಗೆ ಆಯಿತು — ಸಂತೋಷ ಗಂಟಲವರೆಗೆ ಇದೆ, ಹಂಚಲು ಯಾರೂ ಇಲ್ಲ.

ಅತ್ತೆಗೆ ಹೇಳಿದೆ. ಇವರಿಗೂ ಹೇಳಿದೆ. ಇವರು ಬೇಕರಿಯ ರಾತ್ರಿ ಪಾಳಿಯಿಂದ ಆಗ ತಾನೇ ಬಂದಿದ್ದರು, ಹುಬ್ಬಿನಲ್ಲೆಲ್ಲ ಹಿಟ್ಟು. "ಹೌದಾ" ಅಂದು ಮಲಗಿದರು. ಅತ್ತೆ ಮಾತ್ರ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

"ನೆರಳಿನಲ್ಲಿ ಕಿಟಕಿ ಕೂಡಾ ಕಾಣುತ್ತೇನೇ?"

"ಒಂದೊಂದೂ."

ಆಮೇಲೆ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದರು. ನಮ್ಮತ್ತೆ ಸುಮ್ಮನಿದ್ದರೆ ಏನೋ ಬೇಯುತ್ತಿದೆ ಅಂತಲೇ ಅರ್ಥ.

ಫೆಬ್ರವರಿ ೨೦

ಬೆಂದಿದೆ.

ಕೊನೆಯ ಊರಿನಲ್ಲಿರುವ ಅತ್ತೆಯ ತಂಗಿಗೆ ಮಂಡಿನೋವಂತೆ. ನೋಡಿಬರಬೇಕಂತೆ. ಆ ಮಂಡಿನೋವು ನಾನು ಮದುವೆಯಾಗಿ ಬಂದಾಗಿನಿಂದ ಇದೆ. ಇಷ್ಟು ವರ್ಷದಲ್ಲಿ ಅತ್ತೆ ಫೋನಿನಲ್ಲಿ ಎಣ್ಣೆ ಹಚ್ಚಿಕೋ ಅಂದದ್ದು ಬಿಟ್ಟರೆ ಕದಲಿದವರಲ್ಲ.

"ನಿನ್ನ ಬೋಗಿಯಲ್ಲೇ ಹೋಗ್ತೀನಿ."

"ಅತ್ತೆ, ಡ್ಯೂಟೀಲಿ ನಾನು ನಿಮ್ಮ ಸೊಸೆ ಅಲ್ಲ."

"ಆಯ್ತು ಬಿಡು. ನಾನೂ ನಿನ್ನ ಅತ್ತೆ ಅಲ್ಲ. ಟಿಕೆಟ್ ತಗೊಂಡ ಪ್ಯಾಸೆಂಜರ್."

ರಾತ್ರಿ ರೈಲಿನಲ್ಲಿ ಅವರು ಮಲಗಿದ್ದೇ ಇಲ್ಲ. ಅರುವತ್ತೆಂಟು ವರ್ಷ. ಹಗಲು ಬಸ್ಸು, ಹಗಲು ರೈಲು, ಅಷ್ಟೇ. ಮಲಗಿದವರನ್ನು ರೈಲು ಹೊತ್ತುಕೊಂಡು ಹೋಗುತ್ತದೆ ಅನ್ನುವುದು ಅವರಿಗೆ ಇನ್ನೂ ಪೂರ್ತಿ ನಂಬಿಕೆಯಾಗಿಲ್ಲ. ಟಿಕೆಟ್ ಮಾಡಿಸಿದೆ. ಮಾರ್ಚ್ ಒಂದು, ಕೆಳಗಿನ ಬರ್ತ್, ಕಿಟಕಿ ಪಕ್ಕ.

ಸತ್ಯ ಹೇಳಬೇಕೆಂದರೆ ಅವರಿಗಿಂತ ನನಗೇ ಖುಷಿ. ನನ್ನ ಬೋಗಿ ನೋಡುತ್ತಾರೆ. ಕೋಟು ಹಾಕಿಕೊಂಡು ನಡೆಯುವುದನ್ನು ನೋಡುತ್ತಾರೆ.

ಮಾರ್ಚ್ ೧, ಮಧ್ಯಾಹ್ನ

ಅತ್ತೆಯ ಚೀಲ ನಿನ್ನೆಯಿಂದ ಬಾಗಿಲಲ್ಲಿ ಕೂತಿದೆ. ಒಳಗೇನಿದೆ ಅಂತ ಇಣುಕಿದೆ: ತಲೆದಿಂಬು (ರೈಲಿನಲ್ಲಿದೆ ಅಂದೆ — "ಯಾರ ತಲೆ ಇಟ್ಟದ್ದೋ"), ಟಾರ್ಚು, ಎರಡು ಜೊತೆ ಸಾಕ್ಸು, ಒಂದು ಉದ್ದ ಹಗ್ಗ.

"ಹಗ್ಗ ಯಾಕೆ ಅತ್ತೆ?"

"ಹಗ್ಗ ಯಾಕೆ ಅಂತ ಮೊದಲೇ ಗೊತ್ತಾಗಲ್ಲ. ಬೇಕಾದಾಗ ಗೊತ್ತಾಗುತ್ತೆ."

ಕೋಟಿಗೆ ಇಸ್ತ್ರಿ ಎರಡು ಸಲ ಹಾಕಿದೆ. ಬಿಲ್ಲೆಯನ್ನು ಸೆರಗಿನಲ್ಲಿ ಉಜ್ಜಿದೆ. ಹೊರಟೆ.

ಮಾರ್ಚ್ ೨, ಹತ್ತು ಗಂಟೆ, ಸಿಬ್ಬಂದಿ ವಿಶ್ರಾಂತಿ ಕೋಣೆ, ಕೊನೆಯ ಊರು

ಎಲ್ಲಿಂದ ಶುರು ಮಾಡಲಿ. ಕೋಳಿಯಣ್ಣ ಪಕ್ಕದ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾರೆ, ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಕ್ರಮವಾಗಿ ಬರೆಯುತ್ತೇನೆ.

ಸಂಜೆ ಒಂದು ದೊಡ್ಡ ಕುಟುಂಬ ಹತ್ತಿತು. ಎಲ್ಲರೂ ಒಟ್ಟಿಗೇ ಮಲಗಬೇಕು ಅಂತ ಅರ್ಧ ಬೋಗಿಯನ್ನು ಅದಲು ಬದಲು ಮಾಡಿಸಿದರು. ಪರವಾಗಿಲ್ಲ, ಕ್ಲಿಪ್ ಇದೆಯಲ್ಲ. ಊಟದ ಹೊತ್ತಿಗೆ ರೈಲು ಒಂದು ಜರ್ಕ್ ಕೊಟ್ಟಿತು, ಅತ್ತೆಯ ಸೂಪು ಅವರ ಮಡಿಲಿಗೆ. ಒರೆಸಿಕೊಟ್ಟೆ. "ನೀನು ಹೋಗು, ನಿನಗೆ ಡ್ಯೂಟಿ ಇದೆ" ಅಂದರು, ದೊಡ್ಡ ಅಧಿಕಾರಿಯ ಹಾಗೆ. ಎಲ್ಲರೂ ಮಲಗಿದ ಮೇಲೆ ಪರದೆ ಪರದೆಗೂ ಹೋಗಿ ಕೇಳಿ ಕ್ಲಿಪ್ ಹಾಕಿದೆ. ಅತ್ತೆಯ ಪರದೆಯನ್ನೂ ನೋಡಿದೆ. ಟಾರ್ಚ್ ಹಾಕಿಕೊಂಡು ಚಾವಣಿ ನೋಡುತ್ತಿದ್ದರು, ಮುಖದ ತುಂಬಾ ನಗು. ನಾನು ನನ್ನ ಮೂಲೆಯ ಸೀಟಿನಲ್ಲಿ ಒರಗಿದೆ.

ನಸುಕಿಗೆ ಎದ್ದು ಸುತ್ತು ಹೊರಟೆ. ಮೊದಲ ಪರದೆ — ಕ್ಲಿಪ್ ಇಲ್ಲ. ಸರಿ, ಕೊನೆಯ ಊರಿನವರು. ಎರಡನೆಯದು, ಇಲ್ಲ. ಮೂರನೆಯದು, ಇಲ್ಲ. ನಾಲ್ಕನೆಯದೂ ಇಲ್ಲ. ಆ ತುದಿಯವರೆಗೆ ಓಡಿದೆ. ಒಂದೂ ಇಲ್ಲ.

ಅತ್ತೆಯ ಬರ್ತಿನ ಹತ್ತಿರ ನಿಂತೆ. ಕಿಟಕಿಯ ಕೊಂಡಿಯಿಂದ ಮೆಟ್ಟಿಲಿನ ಸರಳಿಗೆ ಹಗ್ಗ ಕಟ್ಟಿದೆ. ಹಗ್ಗದ ಮೇಲೆ ಒಳಲಂಗ, ರವಿಕೆ, ಕರವಸ್ತ್ರ, ಎರಡು ಜೊತೆ ಸಾಕ್ಸು. ಒಂದೊಂದಕ್ಕೂ ಎರಡೆರಡು ಕ್ಲಿಪ್. ಕೆಂಪು, ಹಳದಿ, ಕೆಂಪು, ಹಳದಿ. ಚಂದ ಕಾಣಲಿ ಅಂತ ಬಣ್ಣ ಬೇರೆ ಜೋಡಿಸಿದ್ದಾರೆ.

ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಆ ಗಾದೆ ನಮ್ಮತ್ತೆಯನ್ನು ನೋಡಿಯೇ ಕಟ್ಟಿದ್ದು.

"ಎದ್ಯಾ?" ಅಂದರು. ನಿದ್ದೆಯೇ ಮಾಡಿರಲಿಲ್ಲ ಅವರು. "ಸೂಪು ಅಂಟಿತ್ತು, ಒಗೆದು ಹಾಕಿದೆ. ಯಾರೋ ಪುಣ್ಯಾತ್ಮರು ಪರದೆಗೆಲ್ಲಾ ಕ್ಲಿಪ್ ಸಿಕ್ಕಿಸಿ ಮರೆತು ಹೋಗಿದ್ರು. ಗಾಳಿಗೆ ಎಲ್ಲಿ ಬೀಳುತ್ತೋ ಅಂತ ಎಲ್ಲಾ ಆರಿಸಿಕೊಂಡು ಬಂದೆ."

ಕ್ಲಿಪ್ ಏನು ಅಂತ ಹೇಳಿದೆ. ಹೇಳುತ್ತಾ ನನಗೆ ಅಳು ಬಂತು. ಅವರ ಮುಖದ ಬಣ್ಣ ಹೋಯಿತು. ಆದರೆ ಒಂದು ಕ್ಷಣ ಅಷ್ಟೇ. ಕಾಲಿಗೆ ಚಪ್ಪಲಿ ಮೆಟ್ಟಿ ಎದ್ದೇ ಬಿಟ್ಟರು.

"ಅಳೋದು ಆಮೇಲೆ. ಕೆಂಪು ಎಷ್ಟು?"

ಹಗ್ಗದ ಮೇಲೆ ಎಣಿಸಿದೆವು. ಆರು.

"ನಡಿ. ಇವಳು ಮಗಳ ಬಾಣಂತನಕ್ಕೆ ಹೋಗ್ತಿದ್ದಾಳೆ, ಇಳಿಸು. ಆ ಮೂಲೆಯ ಗಂಡ ಹೆಂಡತಿ — ಇಡೀ ಸಂಜೆ ಜಗಳ, ಸೇತುವೆಯಲ್ಲಿ ಇಳಿದು ಅವಳ ಅಣ್ಣನ ಹತ್ತಿರ ನ್ಯಾಯ ಕೇಳ್ತಾರಂತೆ. ಇಳಿಸು, ಪಂಚಾಯ್ತಿ ತಪ್ಪಬಾರದು. ಗಡ್ಡದವನು ಹಲ್ಲಿನ ಡಾಕ್ಟರು. ಅವನ ಮೇಲಿನವಳು ಅವನ ಹತ್ತಿರ ಕೆಲಸ ಮಾಡೋಳು."

ರಾತ್ರಿಯ ಒಂದು ಊಟದಲ್ಲಿ ಇಡೀ ಬೋಗಿಯ ಜಾತಕ ತೆಗೆದಿದ್ದರು ನಮ್ಮತ್ತೆ. ನಾನು ಬಾಗಿ ಬಾಗಿ 'ಸೇತುವೆ, ಸೇತುವೆ' ಅಂದೆ. ಎಬ್ಬಿಸಿದ ಐವರೂ ಸರಿ.

"ಆರನೆಯವರು?"

ಅತ್ತೆ ನಿಂತಲ್ಲೇ ನಿಂತರು. "ಗೊತ್ತಿಲ್ಲ ಕಣೇ. ನನ್ನ ಹತ್ತಿರ ಮಾತಾಡದವರು ಯಾರೋ ಇದ್ದಾರೆ."

ಚಾರ್ಟ್ ನೋಡಿದೆ. ಆರನೆಯವರ ಬರ್ತಿನಲ್ಲಿ ಆ ದೊಡ್ಡ ಕುಟುಂಬದ ತಾತ ಗೊರಕೆ ಹೊಡೆಯುತ್ತಿದ್ದರು. ನಾನೇ ಹಾಕಿದ ಕ್ಲಿಪ್ಪು, ನಾನೇ ಕೇಳಿದ ಧ್ವನಿ, ಆದರೆ ತಲೆ ಖಾಲಿ. ಕಿಟಕಿಯಲ್ಲಿ ಸಿಗ್ನಲ್ ದೀಪ ಬಂತು. ರೈಲು ನಿಧಾನವಾಯಿತು. ಸೇತುವೆಯಲ್ಲಿ ಎರಡೇ ನಿಮಿಷ ನಿಲ್ಲುವುದು.

ಯಾರೋ ಒಬ್ಬರು ಇಳಿಯಬೇಕು. ಯಾರೋ ಅವರನ್ನು ಕಾಯುತ್ತಿರಬಹುದು. ಅವರನ್ನು ಎಬ್ಬಿಸದಿದ್ದರೆ ಲಾಂಡ್ರಿ. ಎಲ್ಲರನ್ನೂ ಎಬ್ಬಿಸಿದರೆ, ಅಲ್ಲೂ ಲಾಂಡ್ರಿಯೇ.

ಬೋಗಿಯ ದೀಪವೆಲ್ಲ ಒಂದೇ ಸಲ ಹಾಕಿದೆ. ಟೀ ಟ್ರೇಗೆ ಚಮಚದಲ್ಲಿ ಬಡಿದು ಈ ತುದಿಯಿಂದ ಆ ತುದಿಗೆ ಕೂಗಿಕೊಂಡು ಓಡಿದೆ, "ಸೇತುವೆ, ಸೇತುವೆ, ಸೇತುವೆ ಬಂತು."

ನಲವತ್ತು ಪರದೆಗಳಿಂದ ನಲವತ್ತು ತಲೆ.

ಮೇಲಿನ ಬರ್ತಿನಿಂದ ಒಬ್ಬರು ದೊಪ್ಪನೆ ಹಾರಿದರು. ಹತ್ತಿದಾಗಿನಿಂದ ಕಿವಿಗೆ ಏನೋ ಸಿಕ್ಕಿಸಿಕೊಂಡು ಪರದೆ ತೆಗೆಯದೆ ಇದ್ದ ಮೌನಿ. ಬ್ಯಾಗು ಹಿಡಿದು, ಒಂದು ಕಾಲಿಗೆ ಶೂ, ಇನ್ನೊಂದು ಕಾಲು ಬರಿದು, ಇಳಿದೇ ಬಿಟ್ಟರು. ರೈಲು ಚಲಿಸಿತು. ಅತ್ತೆ ಬರ್ತಿನ ಕೆಳಗಿಂದ ಇನ್ನೊಂದು ಶೂ ಎತ್ತಿ ನನ್ನ ಕೈಗೆ ಕೊಟ್ಟರು. ಬಾಗಿಲಿನಿಂದ ಎಸೆದೆ. ಪ್ಲಾಟ್‌ಫಾರ್ಮಿನ ಮೇಲೆ ಉರುಳಿಕೊಂಡು ಅವರ ಹತ್ತಿರವೇ ಹೋಯಿತು. ಅದನ್ನು ಎತ್ತಿಕೊಂಡು ನನ್ನ ಕಡೆ ನೋಡಿದರು. ಬೈದರೋ, ಏನೋ. ಕೇಳಿಸಲಿಲ್ಲ.

ಒಬ್ಬರನ್ನೂ ಮುಂದೆ ಒಯ್ಯಲಿಲ್ಲ. ಒಬ್ಬರನ್ನೂ ಮಲಗಲೂ ಬಿಡಲಿಲ್ಲ; ಗೋದಾಮಿನವರನ್ನು ಎಬ್ಬಿಸುವ ಕೆಲಸವೂ ಉಳಿಯಲಿಲ್ಲ.

ಬೋಗಿಯೊಳಗೆ ಆಗ ಎದ್ದ ಗಲಾಟೆ ಬರೆಯಲಾರೆ. "ಇದೇನು ರೈಲೋ ಸಂತೆಯೋ" ಅಂದರು ಒಬ್ಬರು. ಮಕ್ಕಳು ಅಳು. ತಾತ ಮಾತ್ರ ಇನ್ನೂ ಗೊರಕೆ. ನಾನು ಕೈ ಮುಗಿದುಕೊಂಡು ಕ್ಷಮಿಸಿ, ಕ್ಷಮಿಸಿ ಅಂತ ಸಾಲಿನುದ್ದಕ್ಕೂ ಹೋದೆ.

ಆಗ ಹೊಳೆ ಬಂತು.

ಅತ್ತೆಯೇ ಮೊದಲು ನೋಡಿದ್ದು. ಕಿಟಕಿಯ ಮುಂದಿನ ಒಳಲಂಗ ಸರಿಸಿ, "ಅಯ್ಯೋ, ಬಂದುಬಿಡ್ತು. ಬನ್ನಿ ಎಲ್ಲರೂ, ಬೈಯೋದು ಇದ್ದೇ ಇರುತ್ತೆ, ಇದು ಹೋಗಿಬಿಡುತ್ತೆ" ಅಂದರು. ಬೈಯುತ್ತಿದ್ದವರು ಬೈಯುತ್ತಲೇ ತಿರುಗಿದರು. ಒಬ್ಬೊಬ್ಬರೇ ಸುಮ್ಮನಾದರು. ನೀರೆಲ್ಲ ಕೆಂಪು. ದೋಣಿಗಳು. ನೆರಳಿನ ರೈಲು ಜೊತೆಯಲ್ಲೇ ಓಡುತ್ತಿತ್ತು. ಸಂತೆ ಅಂದವರು ಮಗುವನ್ನು ಎತ್ತಿಕೊಂಡು, "ನೋಡು, ನೀನು ಅಲ್ಲಿದ್ದೀಯ" ಅಂತ ತೋರಿಸಿದರು. "ಹದಿನೈದು ವರ್ಷದಿಂದ ಈ ರೈಲಲ್ಲಿ ಓಡಾಡ್ತಿದ್ದೀನಿ, ಇಲ್ಲೊಂದು ಹೊಳೆ ಇದೆ ಅಂತಲೇ ಗೊತ್ತಿರಲಿಲ್ಲ" ಅಂತ ಯಾರೋ ಹೇಳಿದರು.

ನಾನು ಟೀ ಫ್ಲಾಸ್ಕ್ ತಂದೆ. ಏನು ಮಾಡಬೇಕು ಅಂತ ತೋಚದಿದ್ದಾಗ ಕೈ ತಾನಾಗಿ ಟೀ ಬಗ್ಗಿಸುತ್ತದೆ. ಅತ್ತೆಗೆ ಕೊಟ್ಟಾಗ ಅವರ ಕೈ ನನ್ನ ಕೈ ಮೇಲಿತ್ತು. ಹೊಳೆ ಮುಗಿಯುವವರೆಗೆ ಬಿಡಲಿಲ್ಲ. ಅಷ್ಟು ಹೊತ್ತು ಲಾಂಡ್ರಿ ನೆನಪಾಗಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಪಟ್ಟದ್ದಿಲ್ಲ, ಅದೂ ಕೆಲಸ ಹೋಗುವ ದಿನ.

ಸಂಜೆ

ಕೋಳಿಯಣ್ಣ ಎದ್ದರು. ಕೊನೆಗೂ ಮಾತಾಡಿದರು.

"ದೂರು ಹೋಗೇ ಹೋಗಿರುತ್ತೆ. ಮೇಡಂ ಕೇಳಿದ್ರೆ ಯಾವುದೋ ಗುರುತಿಲ್ಲದ ಮುದುಕಿ ತೆಗೆದಳು ಅನ್ನು. ಅತ್ತೆ ಅಂತ ಬಾಯಿ ಬಿಡಬೇಡ. ಸ್ವಂತ ಬೋಗಿಗೆ ಮನೆಯವರನ್ನ ಹತ್ತಿಸಿ ಹಿಂಗಾಯ್ತು ಅಂದ್ರೆ ಉಳಿಯಲ್ಲ ನೀನು."

ತಲೆ ಆಡಿಸಿದೆ. ಹೇಗೂ ಬೀಳುವ ಪೆಟ್ಟು, ಸ್ವಲ್ಪ ಕಡಿಮೆಯೇ ಬೀಳಲಿ.

ಮಾರ್ಚ್ ೯

ಐದು ದಿನದಿಂದ ಡ್ಯೂಟಿ ಕೊಟ್ಟಿಲ್ಲ. "ಕರೆಯುವವರೆಗೆ ಬರಬೇಡಿ" ಅಂತ ಮೆಸೇಜ್. ಕೋಟು ಗೂಟದಲ್ಲಿ ನೇತಾಡುತ್ತಿದೆ. ರಾತ್ರಿ ರೈಲು ಹೊರಡುವ ಹೊತ್ತಿಗೆ ತಾನಾಗೇ ಎದ್ದು ನಿಲ್ಲುತ್ತೇನೆ.

ಅತ್ತೆ ತಂಗಿ ಮನೆಯಿಂದ ಕೋಳಿಯಣ್ಣನ ಬೋಗಿಯಲ್ಲಿ ವಾಪಸಾದರು. ಇಡೀ ರಾತ್ರಿ ಒಂದು ಮಾತಿಲ್ಲ, ಯಾವುದನ್ನೂ ಮುಟ್ಟಲೂ ಇಲ್ಲವಂತೆ. ಮನೆಯಲ್ಲಿ ಒಗೆದ ಬಟ್ಟೆಯನ್ನು ಕ್ಲಿಪ್ ಹಾಕದೆ ಬೇಲಿಯ ಮೇಲೆ ಹರವುತ್ತಿದ್ದಾರೆ. ಎರಡು ಹಾರಿಹೋದವು.

"ಮೇಡಂ ಹತ್ತಿರ ನಾನೇ ಬಂದು ಹೇಳ್ತೀನಿ ಕಣೇ," ಅಂದರು ಇವತ್ತು.

"ಬೇಡ ಅತ್ತೆ."

"ನಿನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿದೆ."

ಹಾಗೆ ಅನ್ನಬೇಡಿ ಅಂದೆ. ಹಾರಿಹೋದ ಬಟ್ಟೆ ಹುಡುಕಲು ಹೋದೆ.

ಮಾರ್ಚ್ ೧೧, ಮಧ್ಯಾಹ್ನ

ಕರೆದರು.

ಮೇಡಂ ಮುಂದೆ ಒಂಬತ್ತು ದೂರು. ದೀಪ ಹಾಕಿದ್ದಕ್ಕೆ ನಾಲ್ಕು. ಕೂಗಿದ್ದಕ್ಕೆ ನಾಲ್ಕು. ಇನ್ನೊಂದು — ಬೋಗಿಯಲ್ಲಿ ಒಳಲಂಗ ನೇತಾಡುತ್ತಿತ್ತು ಅಂತ.

"ಕ್ಲಿಪ್ ತೆಗೆದಿದ್ದು ಯಾರು?"

ಗುರುತಿಲ್ಲದ ಮುದುಕಿ. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬೇಲಿಯ ಮೇಲಿನ ಬಟ್ಟೆ ನೆನಪಾಯಿತು. ಅವರನ್ನು ಗುರುತಿಲ್ಲ ಅನ್ನಲು ನನ್ನಿಂದ ಆಗಲಿಲ್ಲ.

"ನಮ್ಮತ್ತೆ, ಮೇಡಂ."

ಹೊಳೆ ನೋಡಬೇಕು ಅಂತ ಆಸೆ ಹಚ್ಚಿದ್ದು ನಾನೇ, ಸೂಪು ಚೆಲ್ಲಿದ್ದು, ಹಗ್ಗ, ಐವರನ್ನು ಅವರೇ ಗುರುತಿಸಿಕೊಟ್ಟದ್ದು — ಎಲ್ಲ ಹೇಳಿದೆ. ಬಣ್ಣ ಜೋಡಿಸಿದ್ದರು ಅನ್ನುವಾಗ ಮೇಡಂ ಕಿಟಕಿ ಕಡೆ ತಿರುಗಿಕೊಂಡರು. ಭುಜ ಅಲ್ಲಾಡುತ್ತಿತ್ತು. ತಿರುಗಿದಾಗ ಮುಖ ಮತ್ತೆ ಗಂಟು.

"ಲಾಂಡ್ರಿಗೆ ಕಳಿಸೋಣ ಅಂತಲೇ ಕರೆಸಿದ್ದು. ಆ ಮಧ್ಯೆ ಒಬ್ಬರು ಫೋನ್ ಮಾಡಿದ್ರು. ಅವತ್ತು ಅವರ ತಂಗಿಗೆ ಆಪರೇಷನ್, ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಮುಖ ತೋರಿಸಬೇಕಿತ್ತಂತೆ. 'ಶೂ ಸ್ವಲ್ಪ ತಡವಾಗಿ ಬಂತು, ನಾನು ತಡವಾಗಲಿಲ್ಲ, ಆಕೆಗೆ ಹೇಳಿ' ಅಂದ್ರು. ಆಮೇಲೆ ಟಿಕೆಟ್ ಕೌಂಟರಿಂದ ಫೋನು. ಹೊಳೆ ಬಂದಾಗ ಎಬ್ಬಿಸ್ತಾರಲ್ಲ, ಆ ಬೋಗೀಲಿ ಸೀಟು ಕೊಡಿ ಅಂತ ನಾಲ್ಕು ಜನ ಕೇಳಿದ್ದಾರಂತೆ. ನಾವು ಯಾವಾಗ ಶುರು ಮಾಡಿದ್ವಿ ಅದನ್ನ?"

"ಅವತ್ತೊಂದೇ ದಿನ, ಮೇಡಂ," ಅಂದೆ.

ತೀರ್ಪು ಹೀಗೆ. ಇನ್ನೊಂದು ಟ್ರಿಪ್ಪು. ಬಿಳಿ ಕ್ಲಿಪ್ ಅಂತ ಹೊಸದು. ಹೊಳೆ ನೋಡಬೇಕು ಅಂದವರಿಗೆ ಮಾತ್ರ ಹಾಕಬೇಕು, ಉಳಿದವರ ಕಿವಿಗೆ ಚಮಚದ ಸದ್ದೂ ಬೀಳಬಾರದು. ಒಂದು ದೂರು ಬಂದರೂ ಲಾಂಡ್ರಿ. ಬರದಿದ್ದರೆ ನೋಡೋಣ. ಮತ್ತೆ ಇವತ್ತಿನಿಂದ ಒಂದು ನಿಯಮ: ಸಿಬ್ಬಂದಿಯ ಮನೆಯವರಿಗೆ ಅವರದೇ ಬೋಗಿಯಲ್ಲಿ ಟಿಕೆಟ್ ಇಲ್ಲ.

ಅತ್ತೆಗೆ ಬಂದು ಹೇಳಿದೆ. ಮೊದಲು ಎದೆ ಸೆಟೆಸಿದರು. "ನನ್ನ ದೆಸೆಯಿಂದ ಒಂದು ಕಾನೂನೇ ಬಂತು ಅನ್ನು." ಇವರನ್ನು ನಿದ್ದೆಯಿಂದ ಎಬ್ಬಿಸಿ ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ ಸಣ್ಣ ಧ್ವನಿ ಬಂತು.

"ಹಾಗಾದ್ರೆ ಇನ್ನು ಆ ಹೊಳೆ ನಿನ್ನ ಜೊತೆ ನೋಡೋ ಹಾಗಿಲ್ಲ."

ಮಾರ್ಚ್ ೧೪, ಸಂಜೆ

ಬಿಳಿ ಕ್ಲಿಪ್ ಒಂದು ಡಜನ್ ತಂದೆ. ಅತ್ತೆ ಒಂದನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿದರು. "ಗಟ್ಟಿ ಇದೆ" ಅಂದರು.

ಕೋಳಿಯಣ್ಣ ತಲೆಗೆ ಒಂದು ಹುಳ ಬಿಟ್ಟಿದ್ದಾರೆ. "ಕೆಂಪಿನವರಿಗೆ ಸೇತುವೆ ಅಂತೀಯ, ಹಳದಿಯವರಿಗೆ ಗೋದಾಮು ಅಂತೀಯ. ಬಿಳಿಯವರಿಗೆ ಏನಂತೀಯ? ಅವರು ಅಲ್ಲಿ ಇಳಿಯೋರಲ್ಲವಲ್ಲ."

ಹೌದಲ್ಲ. ಯೋಚಿಸಿಯೇ ಇರಲಿಲ್ಲ.

ಮಾರ್ಚ್ ೧೬, ಬೆಳಗ್ಗೆ

ಈಗ ಬಂದೆ. ಬ್ಯಾಗು ಇನ್ನೂ ಹೆಗಲಲ್ಲೇ ಇದೆ, ನಿಂತೇ ಬರೆಯುತ್ತಿದ್ದೇನೆ.

ಹೋಗುವ ರಾತ್ರಿ ಎಲ್ಲರನ್ನೂ ಕೇಳಿದೆ, ಬಿಳಿ ಕ್ಲಿಪ್ ಬೇಕಾ ಅಂತ. "ಎಷ್ಟು?" ಅಂದರು ಒಬ್ಬರು. ದುಡ್ಡು ಕೊಡಬೇಕಿಲ್ಲ ಸಾರ್ ಅಂದೆ. "ಹಾಗಾದ್ರೆ ಬೇಡ, ಏನೋ ಇದೆ." ಅವರ ಪಕ್ಕದವರೂ ಬೇಡ ಅಂದರು. ಅರ್ಧ ಬೋಗಿ ಮುಗಿಯಿತು, ಡಬ್ಬಿಯಲ್ಲಿ ಕ್ಲಿಪ್ಪೆಲ್ಲ ಹಾಗೇ. ನನ್ನ ಮುಖ ಇಳಿದದ್ದು ನನಗೇ ಗೊತ್ತಾಗುತ್ತಿತ್ತು. ಕೊನೆಯಲ್ಲಿ ಒಬ್ಬ ಟೀಚರಮ್ಮ, "ಏನಿದೆ ಆ ಹೊಳೇಲಿ?" ಅಂದರು. ಕೋಟಿನ ಗತ್ತು ಮರೆತು ಅತ್ತೆಗೆ ಹೇಳುವ ಹಾಗೆ ಹೇಳಿಬಿಟ್ಟೆ — ನೀರು, ದೋಣಿ, ನೆರಳಿನ ರೈಲು, ಅದರಲ್ಲಿ ನಮ್ಮ ನಮ್ಮ ಕಿಟಕಿ. ಟೀಚರಮ್ಮನ ಪರದೆಗೆ ಮೊದಲ ಕ್ಲಿಪ್. ಆಮೇಲೆ ಎದುರಿನ ಪರದೆಯಿಂದ ಒಂದು ಕೈ ಹೊರಗೆ ಬಂತು, "ನನಗೂ ಒಂದು." ಮೊದಲು ಬೇಡ ಅಂದವರು ಬಂದು, "ಎಲ್ಲರಿಗೂ ಹಾಕಿ ನನಗೆ ಯಾಕಿಲ್ಲ?" ಅಂತ ಜಗಳ ತೆಗೆದರು. ಡಬ್ಬಿ ಖಾಲಿಯಾಯಿತು.

ನಸುಕಿಗೆ ಸೇತುವೆಯವರನ್ನು ಇಳಿಸಿದೆ. ರೈಲು ಹೊರಟಿತು. ಟೀಚರಮ್ಮನ ಪರದೆಗೆ ಬಾಗಿದೆ. ಏನನ್ನಲಿ? ಬಾಯಿಗೆ ತಾನಾಗೇ ಬಂತು.

"ಹೊಳೆ ಬಂತು."

ಎದ್ದು ಕೂತು ಚಪ್ಪಲಿ ಹುಡುಕಿದರು. ಇಳಿಯುವ ಊರು ಬಂದ ಹಾಗೇ. ಒಬ್ಬೊಬ್ಬರಿಗೂ ಅದನ್ನೇ ಅಂದೆ, ಒಬ್ಬೊಬ್ಬರೂ ಎದ್ದರು. ದೀಪವಿಲ್ಲ, ಸದ್ದಿಲ್ಲ. ಕಂಬಳಿ ಹೊದ್ದುಕೊಂಡು ಕಿಟಕಿಗೆ ಹಣೆ ಹಚ್ಚಿ ನಿಂತರು. ಮಲಗಿದವರು ಮಲಗೇ ಇದ್ದರು. ನಾನು ಹಿಂದೆ ನಿಂತು ಹೊಳೆ ನೋಡಲಿಲ್ಲ, ಅವರ ಬೆನ್ನುಗಳನ್ನು ನೋಡಿದೆ. ಈ ಸಲ ಹಂಚಿಕೊಂಡು ತಿಂದ ತೃಪ್ತಿ.

ಒಂದೂ ದೂರಿಲ್ಲ. ವಾಪಸ್ ಬಂದು ಪ್ಲಾಟ್‌ಫಾರ್ಮಿಗೆ ಕಾಲಿಡುವಾಗ ಫೋನ್ ಗುಂಯ್ ಅಂತು. ಮೇಡಂ. "ಸೋಮವಾರದಿಂದ ಕಾಯಂ. ಬಿಳಿ ಕ್ಲಿಪ್ ಎಲ್ಲಾ ಬೋಗಿಗಳಿಗೂ. ಕೋಳಿಯಣ್ಣನಿಗೆ ನೀವೇ ಕಲಿಸಿ." ಕೋಳಿಯಣ್ಣ ನನ್ನ ಹೆಗಲ ಮೇಲಿಂದ ಓದಿ, "ಕಲಿಗಾಲ" ಅಂದರು. ಆಮೇಲೆ ಟೀ ಕೊಡಿಸಿದರು. ಅವರು ಯಾರಿಗೂ ಟೀ ಕೊಡಿಸಿದ ದಾಖಲೆ ಇಲ್ಲ.

ಮನೆಯವರೆಗೂ ಹೇಗೆ ಬಂದೆನೋ, ಕಾಲು ನೆಲದ ಮೇಲಿರಲಿಲ್ಲ. ಅತ್ತೆ ಬಾಗಿಲಲ್ಲಿ ಕಾಯುತ್ತಿರುತ್ತಾರೆ ಅಂದುಕೊಂಡರೆ ಕುರ್ಚಿ ಖಾಲಿ. ಅವರ ಕೋಣೆಯ ಪರದೆ ಎಳೆದಿದೆ. ಒಳಗಿಂದ ಗೊರಕೆ.

ಪರದೆಯ ಮೇಲೆ ಒಂದು ಬಿಳಿ ಕ್ಲಿಪ್.

ಡಬ್ಬಿಯಿಂದ ಯಾವಾಗ ಎತ್ತಿದರೋ. ಅಂಗಡಿಯವನನ್ನು ಸುಮ್ಮನೆ ಬೈದುಕೊಂಡಿದ್ದೆ, ಒಂದು ಕಡಿಮೆ ಕೊಟ್ಟ ಅಂತ. ನೋಡುತ್ತಾ ನಿಂತೆ. ನಗು ಬಂತು, ಕಣ್ಣೂ ತುಂಬಿತು. ಇವತ್ತು ಎಬ್ಬಿಸದೆ ಬಿಡುವ ಹಾಗಿಲ್ಲ. ಕ್ಲಿಪ್ ಹಾಕಿಕೊಂಡವರನ್ನು ಮಲಗಲು ಬಿಟ್ಟರೆ ನನ್ನ ಕೆಲಸ ಉಳಿಯುತ್ತದೆಯೇ.

ಇಷ್ಟು ಬರೆದು ಹೋಗುತ್ತೇನೆ. ಭುಜ ಅಲ್ಲಾಡಿಸಬಾರದು. ದೀಪ ಹಾಕಬಾರದು. ಅತ್ತೆ ಅಂತಲೂ ಕರೆಯಬಾರದು, ಮಗ್ಗುಲಾಗುತ್ತಾರೆ. ಹತ್ತಿರ ಬಾಗಿ, ಮೆಲ್ಲಗೆ —

ತಾಳು, ಗೊರಕೆ ನಿಂತಿತು. ಕಾದು ಕೂತಿದ್ದಾರೆ, ಕಳ್ಳಿ. ಹೋಗಿ ಅಂದೇ ಬಿಡುತ್ತೇನೆ: ಹೊಳೆ ಬಂತು.